ಮರಳಿ ಗುರಿಗೆ

(ಆಟದಲ್ಲಿ ಗೆದ್ದವರ ಕಥೆಗಳನ್ನು ನಾವು ಬಹಳ ಓದುತ್ತೇವೆ. ಆದರೆ ಚೆನ್ನಾಗಿ ಆಡುತ್ತಿದ್ದವರ ಆಟ ನಡುವೆಯೇ ಕೆಟ್ಟುಹೋದರೆ ಅವರು ಏನು ಮಾಡುತ್ತಾರೆ? ಕೊಲ್ಹಾಪುರದ ಪಿಸ್ತೂಲು ಪಟು ರಾಹಿ ಸರ್ನೋಬತ್ ಅವರ ಕ್ರೀಡಾಜೀವನದ ಮೂಲಕ ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.)

ಗಡಹಿಂಗ್ಲಜ ಊರಿನಲ್ಲಿ ಫುಟ್‌ಬಾಲ್ ಎಂದರೆ ಹಿರಿಯರಿಗೂ ಕಿರಿಯರಿಗೂ ಬಹಳ ಪ್ರೀತಿ. ಆ ಊರಿನ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿರಿ. ಅವನು ಐದನೆಯ ಇಯತ್ತೆಯಲ್ಲಿ ಓದುತ್ತಿದ್ದಾನೆ. ಅವನು ಒದ್ದ ಚೆಂಡು ತಪ್ಪದೆ ಗೋಲಿನೊಳಗೆ ಹೋಗುತ್ತಿತ್ತು. ಗೆಳೆಯರು ತಂಡ ಕಟ್ಟುವಾಗ ಮೊದಲು ಅವನ ಹೆಸರನ್ನೇ ಕೂಗುತ್ತಿದ್ದರು. ಒಂದು ದಿನ ಅವನ ಚೆಂಡು ಕಂಬಕ್ಕೆ ಬಡಿಯಿತು. ಮರುದಿನ ಕಂಬದ ಹೊರಗೆ ಹೋಯಿತು. ಮೂರನೆಯ ದಿನ ಅವನು ಚೆಂಡನ್ನು ಒದೆಯುವ ಮೊದಲೇ, "ಇವತ್ತೂ ತಪ್ಪಿದರೆ?" ಎಂದು ಯೋಚಿಸಿದ. ಕಾಲು ಬಿಗಿಯಾಯಿತು. ಚೆಂಡು ನೇರವಾಗಿ ಗೋಲ್‌ಕೀಪರನ ಕೈಗೇ ಹೋಯಿತು. ಆಮೇಲೆ ಒಂದು ತಿಂಗಳು ಅವನಿಂದ ಒಂದೂ ಗೋಲು ಆಗಲಿಲ್ಲ.

ಕಾಲು ಅದೇ ಕಾಲು. ಚೆಂಡು ಅದೇ ಚೆಂಡು. ಬಯಲೂ ಅದೇ. ಹಾಗಾದರೆ ಬದಲಾದದ್ದು ಏನು?

ಈ ಪಾಠ ಬರೆಯುತ್ತಿರುವ ನನಗೂ ಚಿಕ್ಕಂದಿನಲ್ಲಿ ಹೀಗೆ ಆಗಿತ್ತು. ನಾನು ಆಡುತ್ತಿದ್ದುದು ಗೋಲಿ. ಒಂದು ಬೇಸಿಗೆ ರಜೆಯಲ್ಲಿ ನನ್ನ ಗುರಿ ತಪ್ಪತೊಡಗಿತು. ಎಂಟು ದಿನಗಳಲ್ಲಿ ಗೋಲಿ ತುಂಬಿದ್ದ ಡಬ್ಬಿ ಬರಿದಾಯಿತು. ನಾನು ಸಿಟ್ಟಿನಿಂದ ಬೆರಳು ಹಿಡಿಯುವ ರೀತಿಯನ್ನು ಬದಲಿಸಿದೆ. ಕುಳಿತುಕೊಳ್ಳುವ ರೀತಿಯನ್ನು ಬದಲಿಸಿದೆ. ಗೋಲಿಯನ್ನೂ ಬದಲಿಸಿದೆ. ಇದ್ದ ಅಷ್ಟಿಷ್ಟು ಆಟವೂ ಹೋಯಿತು. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ನಮ್ಮ ಅಜ್ಜ, "ನೀ ಎಲ್ಲಾ ಒಮ್ಮೆಗೇ ಬದಲಿ ಮಾಡಿದಿ. ಈಗ ತಪ್ಪು ಯಾವುದರಾಗ ಐತಿ ಅಂತ ಹೆಂಗ ಗೊತ್ತಾಗಬೇಕೋ ತಮ್ಮಾ?" ಎಂದರು. ಆ ಮಾತಿನ ಬೆಲೆ ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು.

ಗುರಿ ಇಡುವ ಆಟಗಳಲ್ಲಿ ಈ ತೊಂದರೆ ಹೆಚ್ಚು. ನೀವು ಟಿ.ವಿ.ಯಲ್ಲಿ ಗಾಲ್ಫ್ ಆಟವನ್ನು ನೋಡಿರಬಹುದು. ಉದ್ದನೆಯ ಕೋಲಿನಿಂದ ಚಿಕ್ಕ ಬಿಳಿ ಚೆಂಡನ್ನು ಹೊಡೆದು, ದೂರದ ಒಂದು ಕುಳಿಯೊಳಗೆ ಬೀಳಿಸಬೇಕು. ಆ ಕುಳಿಯ ಅಗಲ 11 ಸೆಂಟಿಮೀಟರಿಗಿಂತಲೂ ಕಡಿಮೆ. ಟೈಗರ್ ವುಡ್ಸ್ ಎಂಬ ಅಮೆರಿಕದ ಆಟಗಾರರು ಒಂದು ಕಾಲಕ್ಕೆ ಈ ಆಟದಲ್ಲಿ ಜಗತ್ತಿಗೇ ಮೊದಲಿಗರು. 2008ರ ನಂತರ ಹನ್ನೊಂದು ವರ್ಷ ಅವರಿಗೆ ದೊಡ್ಡ ಪಂದ್ಯಗಳಲ್ಲಿ ಒಂದೂ ಗೆಲುವು ಸಿಗಲಿಲ್ಲ. ಬೆನ್ನುನೋವಿನಿಂದಾಗಿ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಆಯಿತು. 2017ರಲ್ಲಿ ಜಗತ್ತಿನ ಆಟಗಾರರ ಪಟ್ಟಿಯಲ್ಲಿ ಅವರ ಸ್ಥಾನ ಸಾವಿರಕ್ಕಿಂತಲೂ ಕೆಳಗೆ ಇಳಿದಿತ್ತು. 2019ರಲ್ಲಿ, 43ನೆಯ ವಯಸ್ಸಿನಲ್ಲಿ, ಅವರು ಮತ್ತೆ ಮಾಸ್ಟರ್ಸ್ ಎಂಬ ದೊಡ್ಡ ಪಂದ್ಯವನ್ನು ಗೆದ್ದರು.

ಅಷ್ಟು ದೂರ ಹೋಗುವುದೇಕೆ? ಇಂಥ ಕಥೆ ನಮ್ಮ ಕೊಲ್ಹಾಪುರದಲ್ಲಿಯೇ ಇದೆ.

ಕೊಲ್ಹಾಪುರ ಎಂದರೆ ಕುಸ್ತಿ ಎಂದು ಎಲ್ಲರಿಗೂ ಗೊತ್ತು. ರಾಜರ್ಷಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನವಿದೆ. ಕೆಂಪು ಮಣ್ಣಿನ ತಾಲೀಮುಗಳಿವೆ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಜಿಲ್ಲೆ ಇನ್ನೊಂದು ಆಟಕ್ಕೂ ಹೆಸರು ಮಾಡಿದೆ. ಅದು ಗುರಿಕಾರಿಕೆ, ಅಂದರೆ ಶೂಟಿಂಗ್. 2006ರಲ್ಲಿ ಮೆಲ್ಬರ್ನ್ ನಗರದ ರಾಷ್ಟ್ರಕುಲ ಕ್ರೀಡೆಗಳಲ್ಲಿ ಕೊಲ್ಹಾಪುರದ ತೇಜಸ್ವಿನಿ ಸಾವಂತ್ ಅವರು ರೈಫಲ್ ವಿಭಾಗದಲ್ಲಿ ಎರಡು ಚಿನ್ನದ ಪದಕ ಗೆದ್ದರು. ಅವರು ಕಲಿತ ಶಾಲೆಯಲ್ಲಿಯೇ ಆಗ ರಾಹಿ ಸರ್ನೋಬತ್ ಎಂಬ ಹದಿನೈದು ವರ್ಷದ ಹುಡುಗಿ ಓದುತ್ತಿದ್ದಳು. ತಮ್ಮ ಶಾಲೆಯ ಅಕ್ಕ ದೇಶಕ್ಕೆ ಚಿನ್ನ ತಂದಳು ಎಂಬ ಸುದ್ದಿ ಕೇಳಿ ಅವಳಿಗೂ ಆಸೆ ಹುಟ್ಟಿತು. ತೇಜಸ್ವಿನಿಯವರ ಕೈಯಲ್ಲಿ ರೈಫಲ್ ಇತ್ತು. ರಾಹಿ ಪಿಸ್ತೂಲನ್ನು ಆರಿಸಿಕೊಂಡಳು.

ಎರಡೇ ವರ್ಷಗಳಲ್ಲಿ, 2008ರಲ್ಲಿ, ಪುಣೆಯಲ್ಲಿ ನಡೆದ ರಾಷ್ಟ್ರಕುಲ ಯುವ ಕ್ರೀಡೆಗಳಲ್ಲಿ ರಾಹಿಯವರು ಚಿನ್ನ ಗೆದ್ದರು. 2010ರಲ್ಲಿ ದಿಲ್ಲಿಯ ರಾಷ್ಟ್ರಕುಲ ಕ್ರೀಡೆಗಳಲ್ಲಿ ಅನೀಸಾ ಸಯ್ಯದ್ ಅವರ ಜೊತೆಗೂಡಿ ಮತ್ತೊಂದು ಚಿನ್ನ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಆಡಿದರು. 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್ ಎಂಬಲ್ಲಿ ವಿಶ್ವಕಪ್ಪಿನ ಚಿನ್ನ, 2014ರಲ್ಲಿ ಗ್ಲಾಸ್ಗೊ ನಗರದಲ್ಲಿ ರಾಷ್ಟ್ರಕುಲ ಕ್ರೀಡೆಗಳ ಚಿನ್ನ. ಮೆಟ್ಟಿಲು ಹತ್ತಿದಂತೆ ಅವರು ಹತ್ತುತ್ತಲೇ ಹೋದರು.

ಆಮೇಲೆ ಮೊಣಕೈಗೆ ಗಾಯವಾಯಿತು.

ಪಿಸ್ತೂಲು ಹಿಡಿಯುವವರಿಗೆ ಮೊಣಕೈ ಎಷ್ಟು ಮುಖ್ಯ ಎಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳೋಣ. ಈ ಆಟದಲ್ಲಿ ಪಿಸ್ತೂಲನ್ನು ಒಂದೇ ಕೈಯಿಂದ ಹಿಡಿಯಬೇಕು. ಇನ್ನೊಂದು ಕೈಯ ಆಸರೆ ಕೊಡುವಂತಿಲ್ಲ. ಪಿಸ್ತೂಲಿನ ತೂಕ ಸುಮಾರು ಒಂದು ಕಿಲೊ ಇರುತ್ತದೆ. ಒಂದು ಕಿಲೊ ಬೆಲ್ಲದ ಪೊಟ್ಟಣವನ್ನು ಕೈ ಚಾಚಿ ಹಿಡಿದು ನಿಂತು ನೋಡಿರಿ. ಒಂದು ನಿಮಿಷದೊಳಗೆ ಕೈ ನಡುಗತೊಡಗುತ್ತದೆ.

ಗುರಿಫಲಕ 25 ಮೀಟರ್ ದೂರದಲ್ಲಿ ಇರುತ್ತದೆ. ಖೋ ಖೋ ಅಂಗಳದ ಉದ್ದಕ್ಕಿಂತ ಇದು ತುಸು ಕಡಿಮೆ. ಪಿಸ್ತೂಲಿನ ಮೇಲೆ ಹಿಂದೆ ಒಂದು ಕಂಡಿ, ಮುಂದೆ ಒಂದು ಮೊನೆ ಇರುತ್ತವೆ. ಆ ಕಂಡಿಯ ನಡುವೆ ಮೊನೆ ಕಾಣುವಂತೆ ಗುರಿ ಹಿಡಿಯಬೇಕು. ಎರಡರ ನಡುವಿನ ಅಂತರ ಸುಮಾರು 22 ಸೆಂಟಿಮೀಟರ್. ಮೊನೆಯು ಕಂಡಿಯಿಂದ ಒಂದೇ ಒಂದು ಮಿಲಿಮೀಟರ್ ಸರಿದರೆ ಗುಂಡು ಗುರಿಫಲಕದ ಮೇಲೆ ಎಷ್ಟು ದೂರ ಸರಿಯುತ್ತದೆ ಗೊತ್ತೇ? 11 ಸೆಂಟಿಮೀಟರಿಗಿಂತ ಹೆಚ್ಚು! ನಿಧಾನ ಸುತ್ತಿನ ಗುರಿಫಲಕದಲ್ಲಿ ಹತ್ತು ಅಂಕದ ವರ್ತುಳದ ಅಗಲವೇ 5 ಸೆಂಟಿಮೀಟರ್. ಅಂದರೆ ಒಂದು ಮಿಲಿಮೀಟರ್ ತಪ್ಪಿದವರಿಗೆ ಹತ್ತು ಅಂಕದ ಬದಲು ಆರು ಸಿಗುತ್ತದೆ. ನಿಮ್ಮ ಪಟ್ಟಿಯ ಮೇಲೆ ಒಂದು ಮಿಲಿಮೀಟರ್ ಎಷ್ಟಿದೆ ಎಂದು ಈಗಲೇ ನೋಡಿಕೊಳ್ಳಿರಿ.

ಇದು ನಿಧಾನ ಸುತ್ತು. ವೇಗದ ಸುತ್ತು ಇನ್ನೂ ಕಠಿಣ. ಅಲ್ಲಿ ಕೈಯನ್ನು ಓರೆಯಾಗಿ ಕೆಳಗೆ ಇಳಿಸಿ ಕಾಯಬೇಕು. ಸೂಚನೆ ಬಂದಾಗ ಕೈ ಎತ್ತಿ, ಗುರಿ ಹಿಡಿದು, ಒಂದು ಗುಂಡು ಹಾರಿಸಬೇಕು. ಅದಕ್ಕೆ ಸಿಗುವ ಸಮಯ ಮೂರು ಸೆಕೆಂಡು ಮಾತ್ರ! ಆಮೇಲೆ ಏಳು ಸೆಕೆಂಡು ಬಿಡುವು. ಮತ್ತೆ ಮೂರು ಸೆಕೆಂಡು. ಹೀಗೆ ಐದು ಸಲ. ಗಾಯವಾದ ಮೊಣಕೈಯಿಂದ ಇದನ್ನು ಮಾಡುವುದು ಹೇಗೆ?

ನೋವು ಇದ್ದಾಗ ದೇಹ ತನಗೆ ತಿಳಿಯದಂತೆಯೇ ನೋವನ್ನು ತಪ್ಪಿಸಿಕೊಳ್ಳುತ್ತದೆ. ಕಾಲಿಗೆ ಮುಳ್ಳು ಚುಚ್ಚಿದಾಗ ನೀವು ಕುಂಟುತ್ತೀರಲ್ಲ, ಹಾಗೆ. ಮುಳ್ಳು ತೆಗೆದ ಮೇಲೂ ಒಂದೆರಡು ದಿನ ಕುಂಟುವ ರೂಢಿ ಉಳಿಯುತ್ತದೆ. ಗುರಿಕಾರನ ಕೈಗೂ ಹೀಗೆಯೇ ಕುಂಟುವ ರೂಢಿ ಬರಬಹುದು. ಗಾಯ ಮಾಯುತ್ತದೆ, ರೂಢಿ ಉಳಿಯುತ್ತದೆ. ಅದರ ಜೊತೆಗೆ "ಮೊದಲಿನ ಆಟ ಇನ್ನು ಬರುವುದಿಲ್ಲವೇನೋ" ಎಂಬ ಅಂಜಿಕೆ ಸೇರಿಕೊಳ್ಳುತ್ತದೆ. ನೋವಿಗಿಂತ ಈ ಅಂಜಿಕೆಯೇ ಹೆಚ್ಚು ಕಾಡುತ್ತದೆ ಎಂದು ನನಗೆ ತೋರುತ್ತದೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಾಹಿಯವರು ಆಡಲಿಲ್ಲ. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಒಂದು ತಪ್ಪಿದರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ಅಷ್ಟರಲ್ಲಿ ಅವರಿಗಿಂತ ಚಿಕ್ಕ ವಯಸ್ಸಿನ ಹೊಸ ಹುಡುಗಿಯರು ಮುಂದೆ ಬರುತ್ತಿದ್ದರು.

2017ರಲ್ಲಿ ಅವರು ಒಬ್ಬ ಹೊಸ ಗುರುವನ್ನು ಕಂಡುಕೊಂಡರು. ಅವರ ಹೆಸರು ಮುಂಖ್‌ಬಯಾರ್ ದೋರ್ಜ್‌ಸುರೇನ್. ಮಂಗೋಲಿಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆಸಿದ ಮಹಿಳೆ. ಇವರ ಕಥೆಯೂ ಸಣ್ಣದಲ್ಲ. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಮಂಗೋಲಿಯಾ ದೇಶಕ್ಕಾಗಿ ಕಂಚು ಗೆದ್ದಿದ್ದರು. ಮುಂದೆ ಹದಿನಾರು ವರ್ಷಗಳ ಮೇಲೆ, 2008ರಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಗಾಗಿ ಮತ್ತೆ ಕಂಚು ಗೆದ್ದರು. ಎರಡೂ ರಾಹಿಯವರು ಆಡುವ 25 ಮೀಟರ್ ಪಿಸ್ತೂಲಿನಲ್ಲಿಯೇ. ಹದಿನಾರು ವರ್ಷ ಒಂದೇ ಆಟದ ಏಳುಬೀಳುಗಳನ್ನು ಕಂಡವರಿಗೆ ಬಿದ್ದ ಶಿಷ್ಯೆಯ ಮನಸ್ಸು ತಿಳಿಯದೆ ಇರುತ್ತದೆಯೇ?

ಆಟ ಕೆಟ್ಟಾಗ ಗುರಿಕಾರರು ಅಭ್ಯಾಸವನ್ನು ಹೇಗೆ ಸರಿಪಡಿಸಿಕೊಳ್ಳುತ್ತಾರೆ? ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಅವರು ಗುಂಡು ಹಾರಿಸುವುದನ್ನೇ ಕಡಿಮೆ ಮಾಡುತ್ತಾರೆ. ಖಾಲಿ ಪಿಸ್ತೂಲನ್ನು ಹಿಡಿದು ಬರಿಯ ಬಿಳಿ ಗೋಡೆಯ ಎದುರು ನಿಲ್ಲುತ್ತಾರೆ. ಅಲ್ಲಿ ಗುರಿಫಲಕ ಇಲ್ಲ, ಅಂಕ ಇಲ್ಲ. ಆದ್ದರಿಂದ ತಪ್ಪುವ ಅಂಜಿಕೆಯೂ ಇಲ್ಲ. ಕಾಲು ಎಲ್ಲಿ ಇಟ್ಟೆ? ಹೆಗಲು ಬಿಗಿಯಾಗಿದೆಯೇ? ಉಸಿರು ಹೇಗಿದೆ? ಬೆರಳು ಕುದುರೆಯನ್ನು ಮೆಲ್ಲಗೆ ಎಳೆಯಿತೇ, ಥಟ್ಟನೆ ಎಳೆಯಿತೇ? ಒಂದೊಂದನ್ನೇ ನೋಡಿಕೊಳ್ಳುತ್ತಾರೆ. ಒಂದು ಸರಿಯಾದ ಮೇಲೆಯೇ ಇನ್ನೊಂದು. ಆ ದಿನ ಏನು ಮಾಡಿದೆ, ಏನು ಅನಿಸಿತು ಎಂಬುದನ್ನು ವಹಿಯಲ್ಲಿ ಬರೆದಿಡುತ್ತಾರೆ. ನಮ್ಮ ಅಜ್ಜ ಗೋಲಿ ಆಟದಲ್ಲಿ ಹೇಳಿದ ಮಾತೂ ಇದೇ ಅಲ್ಲವೇ?

ಇಚಲಕರಂಜಿಯ ಮಕ್ಕಳಿಗೆ ಇದನ್ನು ಬೇರೆ ರೀತಿಯಿಂದ ಹೇಳಬಹುದು. ಮಗ್ಗ ನಡೆಯುತ್ತಿರುವಾಗ ಒಂದು ಎಳೆ ಹರಿದರೆ ನಿಮ್ಮ ಮನೆಯ ಹಿರಿಯರು ಏನು ಮಾಡುತ್ತಾರೆ? ಮಗ್ಗವನ್ನು ಇನ್ನೂ ಜೋರಾಗಿ ಓಡಿಸುತ್ತಾರೆಯೇ? ಇಲ್ಲ. ಮಗ್ಗ ನಿಲ್ಲಿಸುತ್ತಾರೆ. ನೂರಾರು ಎಳೆಗಳ ನಡುವೆ ಹರಿದ ಎಳೆ ಯಾವುದೆಂದು ಹುಡುಕುತ್ತಾರೆ. ಅದೊಂದನ್ನೇ ಗಂಟು ಹಾಕಿ ಮತ್ತೆ ಮಗ್ಗ ಹಚ್ಚುತ್ತಾರೆ. ನಿಲ್ಲಿಸದೆ ಓಡಿಸಿದರೆ ಬಟ್ಟೆಯ ಉದ್ದಕ್ಕೂ ಆ ದೋಷ ಉಳಿಯುತ್ತದೆ.

ಈಗ ಇಂಡೋನೇಶಿಯಾ ದೇಶದ ಪಾಲೆಂಬಾಂಗ್ ನಗರಕ್ಕೆ ಹೋಗೋಣ. 2018ರ ಆಗಸ್ಟ್ 22. ಏಶಿಯಾ ಕ್ರೀಡೆಗಳ 25 ಮೀಟರ್ ಪಿಸ್ತೂಲು ಸ್ಪರ್ಧೆ. ಮೊದಲ ಹಂತದಲ್ಲಿ 600ಕ್ಕೆ 580 ಅಂಕ ಪಡೆದು ರಾಹಿಯವರು ಏಳನೆಯವರಾದರು. ಅಂತಿಮ ಸುತ್ತಿಗೆ ಎಂಟು ಜನರಿಗೆ ಮಾತ್ರ ಅವಕಾಶ. ಭಾರತದವರೇ ಆದ ಹದಿನಾರು ವರ್ಷದ ಮನು ಭಾಕರ್ 593 ಅಂಕ ಪಡೆದು ಮೊದಲಿಗರಾಗಿದ್ದರು. ಏಳನೆಯವರ ಕಡೆಗೆ ಯಾರ ಕಣ್ಣು ಹೋದೀತು?

ಆದರೆ ಅಂತಿಮ ಸುತ್ತಿನಲ್ಲಿ ಹಿಂದಿನ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರೂ ಸೊನ್ನೆಯಿಂದ ಆರಂಭಿಸಬೇಕು. ಐದೈದು ಗುಂಡುಗಳ ಹತ್ತು ಸರದಿಗಳು. ಗುಂಡು ನಡುವಿನ ಚಿಕ್ಕ ವರ್ತುಳದೊಳಗೆ ತಗಲಿದರೆ ಒಂದು ಅಂಕ, ಇಲ್ಲವಾದರೆ ಏನೂ ಇಲ್ಲ. ನಾಲ್ಕನೆಯ ಸರದಿಯಿಂದ ಮುಂದೆ ಪ್ರತಿ ಸರದಿಗೆ ಒಬ್ಬರು ಹೊರಗೆ. ಮನು ಆರನೆಯವರಾಗಿ ಹೊರಗೆ ನಡೆದರು. ಕೊರಿಯಾದ ಕಿಮ್ ಮಿನ್‌ಜಂಗ್ ಅವರಿಗೆ ಕಂಚು ಸಿಕ್ಕಿತು. ಕೊನೆಗೆ ಉಳಿದವರು ರಾಹಿ ಮತ್ತು ಥಾಯ್ಲೆಂಡಿನ ನಫಸ್ವಾನ್ ಯಾಂಗ್‌ಪೈಬೂನ್.

ಹತ್ತು ಸರದಿ ಮುಗಿದಾಗ ಇಬ್ಬರದೂ 34 ಅಂಕ. ಸಮ! ಮತ್ತೆ ಐದು ಗುಂಡುಗಳ ಸರದಿ. ಇಬ್ಬರಿಗೂ ನಾಲ್ಕು ನಾಲ್ಕು. ಮತ್ತೂ ಸಮ! ಇನ್ನೊಂದು ಸರದಿ. ಪ್ರತಿ ಗುಂಡಿಗೆ ಅದೇ ಮೂರು ಸೆಕೆಂಡು. ಗಾಯವಾಗಿದ್ದ ಅದೇ ಕೈ. ಥಾಯ್ಲೆಂಡಿನ ಆಟಗಾರ್ತಿಗೆ ಎರಡು ತಗಲಿದವು. ರಾಹಿಯವರಿಗೆ ಮೂರು.

ಏಶಿಯಾ ಕ್ರೀಡೆಗಳಲ್ಲಿ ಶೂಟಿಂಗ್‌ನ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆ ಎಂಬ ಹೆಸರು ಕೊಲ್ಹಾಪುರದ ರಾಹಿಯವರಿಗೆ ಬಂದಿತು. ಅದೇ ವರ್ಷ ಭಾರತ ಸರಕಾರ ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟಿತು. ಮರುವರ್ಷ ಜರ್ಮನಿಯ ಮ್ಯೂನಿಕ್ ನಗರದಲ್ಲಿ ವಿಶ್ವಕಪ್ಪಿನ ಚಿನ್ನ ಗೆದ್ದು ಟೋಕಿಯೊ ಒಲಿಂಪಿಕ್ಸ್‌ಗೆ ದೇಶಕ್ಕೊಂದು ಸ್ಥಾನ ಗಳಿಸಿದರು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಮುಂದೆ ನಡೆದುದನ್ನೂ ಹೇಳಲೇಬೇಕು. 2021ರ ಜೂನ್ ತಿಂಗಳಲ್ಲಿ ಕ್ರೊಯೇಶಿಯಾ ದೇಶದ ಒಸಿಯೆಕ್ ನಗರದಲ್ಲಿ ರಾಹಿಯವರು ಮತ್ತೆ ವಿಶ್ವಕಪ್ಪಿನ ಚಿನ್ನ ಗೆದ್ದರು. ಮರುತಿಂಗಳು ಟೋಕಿಯೊ ಒಲಿಂಪಿಕ್ಸ್ ಆರಂಭವಾಯಿತು. ಎಲ್ಲರೂ ಪದಕದ ಆಸೆಯಿಂದ ನೋಡುತ್ತಿದ್ದರು. ಅಲ್ಲಿ ಅವರಿಗೆ 573 ಅಂಕಗಳು ಬಂದು 32ನೆಯ ಸ್ಥಾನ ಸಿಕ್ಕಿತು. ಒಂದು ತಿಂಗಳ ಹಿಂದೆ ಜಗತ್ತಿಗೆ ಮೊದಲಿಗರು, ಈಗ ಮೂವತ್ತೆರಡನೆಯವರು! ಆಮೇಲೆ 2022ರಲ್ಲಿ ನರಗಳ ಕಾಯಿಲೆ ಬಂದು ಬಹಳ ಕಾಲ ಆಟದಿಂದ ದೂರ ಇರಬೇಕಾಯಿತು. ಈ ಸಲ ಅಭ್ಯಾಸವೊಂದರಿಂದಲೇ ಸರಿಪಡಿಸುವ ತೊಂದರೆಯಾಗಿರಲಿಲ್ಲ. ವೈದ್ಯರ ಚಿಕಿತ್ಸೆ ಬೇಕಿತ್ತು, ವಿಶ್ರಾಂತಿ ಬೇಕಿತ್ತು, ಕಾಯುವ ತಾಳ್ಮೆ ಬೇಕಿತ್ತು. ಅಲ್ಲಿಂದಲೂ ಅವರು ಹಿಂದಿರುಗಿದರು. 2025ರಲ್ಲಿ ಉತ್ತರಾಖಂಡ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕ್ರೀಡೆಗಳಲ್ಲಿ ಮಹಾರಾಷ್ಟ್ರಕ್ಕಾಗಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದರು.

ರಾಹಿಯವರಿಗೆ ದಾರಿ ತೋರಿದ ತೇಜಸ್ವಿನಿ ಸಾವಂತ್ ಅವರೂ ಬಹಳ ಕಾದವರೇ. 2010ರಲ್ಲಿ ಮ್ಯೂನಿಕ್ ನಗರದಲ್ಲಿ ಅವರು ವಿಶ್ವವಿಜೇತೆಯಾದರು. ಅಷ್ಟಾದರೂ 2012ರ ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ, 2016ರದಕ್ಕೂ ಆಗಲಿಲ್ಲ. 2018ರಲ್ಲಿ ರಾಷ್ಟ್ರಕುಲ ಕ್ರೀಡೆಗಳಲ್ಲಿ ಮತ್ತೆ ಚಿನ್ನ ಗೆದ್ದರು. ಮೊದಲ ಸಲ ಒಲಿಂಪಿಕ್ಸ್ ಆಡಿದಾಗ ಅವರಿಗೆ ನಲವತ್ತು ವರ್ಷ. ಇನ್ನು ಖಾಶಾಬಾ ಜಾಧವ್ ಅವರ ಮಾತು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಈ ಪೈಲ್ವಾನರು ಮಣ್ಣಿನಲ್ಲಿ ಕುಸ್ತಿ ಕಲಿತವರು. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಮೇಲೆ ಆಡಬೇಕಾಯಿತು. ಆರನೆಯ ಸ್ಥಾನ ಸಿಕ್ಕಿತು. ನಾಲ್ಕು ವರ್ಷ ದುಡಿದು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಆಟಗಾರನೊಬ್ಬ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಅವರು 2024ರಲ್ಲಿ ಪ್ಯಾರಿಸ್ಸಿನಲ್ಲಿ ರೈಫಲ್ ಹಿಡಿದು ಕಂಚು ಗೆದ್ದಾಗ, ಈ ಭಾಗದ ಜನ ಖಾಶಾಬಾ ಅವರನ್ನು ಮತ್ತೆ ನೆನೆದರು.

ಗಡಹಿಂಗ್ಲಜದ ಆ ಹುಡುಗನನ್ನು ನಾವು ಬಯಲಿನಲ್ಲಿಯೇ ಬಿಟ್ಟು ಬಂದೆವು. ಅವನು ಏನು ಮಾಡಬೇಕು? ಮೊದಲು ಕಾಲಿನಲ್ಲಿ ನೋವಿದೆಯೇ ಎಂದು ಅವ್ವನಿಗೋ ಗುರುಗಳಿಗೋ ಹೇಳಬೇಕು. ನೋವು ಮುಚ್ಚಿಟ್ಟು ಆಡುವುದು ಶೌರ್ಯವಲ್ಲ. ನೋವಿಲ್ಲವಾದರೆ ಎರಡು ದಿನ ಆಟ ಬಿಟ್ಟು ಚೆನ್ನಾಗಿ ಉಂಡು ಮಲಗಲಿ. ಮೂರನೆಯ ದಿನ ಗೋಲ್‌ಕೀಪರ್ ಇಲ್ಲದ ಖಾಲಿ ಗೋಲಿನ ಎದುರು, ಬಹಳ ಹತ್ತಿರದಿಂದ ಚೆಂಡನ್ನು ಒದೆಯಲಿ. ಆಗ ಕಾಲು ಎಲ್ಲಿ ಊರಿತು, ಕಣ್ಣು ಎಲ್ಲಿತ್ತು ಎಂದು ಒಬ್ಬ ಗೆಳೆಯ ಬದಿಗೆ ನಿಂತು ನೋಡಲಿ. ಹತ್ತಕ್ಕೆ ಹತ್ತು ಗೋಲಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಲಿ. ಗೋಲ್‌ಕೀಪರನನ್ನು ಮುಂದಿನ ವಾರ ಕರೆದರಾಯಿತು.

ಹೊಸ ಶಬ್ದಗಳ ಅರ್ಥ

ಇಯತ್ತೆ – ತರಗತಿ
ಗುರಿಫಲಕ – ಗುರಿ ಇಡಲು ನಿಲ್ಲಿಸಿದ ಹಲಗೆ
ವರ್ತುಳ – ದುಂಡಗಿನ ಗೆರೆ
ಕುದುರೆ (ಇಲ್ಲಿ) – ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಭಾಗ
ವಹಿ – ಬರೆಯುವ ಪುಸ್ತಕ
ತಾಲೀಮು – ಕುಸ್ತಿ ಕಲಿಯುವ ಸ್ಥಳ, ಗರಡಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಯಾರ ಗೆಲುವಿನ ಸುದ್ದಿ ಕೇಳಿ ರಾಹಿಯವರಿಗೆ ಶೂಟಿಂಗ್ ಕಲಿಯುವ ಆಸೆ ಹುಟ್ಟಿತು?
2. ವೇಗದ ಸುತ್ತಿನಲ್ಲಿ ಒಂದು ಗುಂಡು ಹಾರಿಸಲು ಎಷ್ಟು ಸಮಯ ಸಿಗುತ್ತದೆ?
3. ಮುಂಖ್‌ಬಯಾರ್ ಅವರ ಎರಡು ಒಲಿಂಪಿಕ್ ಪದಕಗಳ ನಡುವೆ ಎಷ್ಟು ವರ್ಷಗಳ ಅಂತರವಿತ್ತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಗೋಲಿ ಆಡುವ ಹುಡುಗನಿಗೆ ಅಜ್ಜ ಹೇಳಿದ ಮಾತಿನ ಅರ್ಥವೇನು?
2. ಗುರಿಕಾರರು ಬಿಳಿ ಗೋಡೆಯ ಎದುರು ಅಭ್ಯಾಸ ಮಾಡುವುದು ಏಕೆ?
3. ಪಾಲೆಂಬಾಂಗ್ ನಗರದಲ್ಲಿ ಕೊನೆಯ ಎರಡು ಸರದಿಗಳಲ್ಲಿ ಏನು ನಡೆಯಿತು?

ಇ) ಉಪಕ್ರಮ
ನಿಮ್ಮ ಊರಿನ ಒಬ್ಬ ಹಿರಿಯ ಪೈಲ್ವಾನರನ್ನೋ ಆಟಗಾರರನ್ನೋ ಕಾಣಿರಿ. ಅವರ ಆಟ ಕೆಟ್ಟ ದಿನಗಳಲ್ಲಿ ಅವರು ಏನು ಮಾಡಿದರು ಎಂದು ಕೇಳಿ, ಹತ್ತು ಸಾಲು ಬರೆದು ವರ್ಗದಲ್ಲಿ ಓದಿರಿ.